ಅತ್ತಿಯ ಹೂವನ್ನು ಕಂಡವರುಂಟೆ?

ವರ್ಷಕ್ಕೊಮ್ಮೆ ಮುಖ ತೋರಿಸುವ ನೆಂಟನಿಗೆ "ಏನಪ್ಪಾ, ಅತ್ತಿಯ ಹೂವಾಗಿಬಿಟ್ಟೆಯಲ್ಲ!" ಎನ್ನುವುದು ನಮ್ಮ ಹಿರಿಯರ ಮಾತು. ಇಲ್ಲಿ ಅಕ್ಕಲಕೋಟೆಯ ಸೀಮೆಯಲ್ಲಿ ನಮ್ಮ ಮರಾಠಿ ನೆರೆಯವರು ಅಂಥವನನ್ನೇ 'ಉಂಬರಾಚೆ ಫೂಲ' ಎಂದು ಹಂಗಿಸುತ್ತಾರೆ. ತಾಳವಾಡಿ, ಹೊಸೂರು ಕಡೆಯ ವಾಚಕರು ತಮಿಳಿನಲ್ಲಿಯೂ ಇದೇ ಮಾತನ್ನು, ಅತ್ತಿ ಎಂಬ ಇದೇ ಹೆಸರಿನೊಡನೆ, ಕೇಳಿರಬೇಕು. ಮಡಕಶಿರಾ, ರಾಯದುರ್ಗದ ಕಡೆಯವರಿಗೆ ಇದು ತೆಲುಗರ 'ಮೇಡಿ'. ನಾಡು ಯಾವುದಾದರೇನು, ಹಳ್ಳದ ದಂಡೆಯಲ್ಲಿ ಈ ಮರವಿಲ್ಲದ ಊರು ಕಡಮೆ. ಅದರ ಹೂವನ್ನು ಕಂಡೆನೆಂಬ ಮನುಷ್ಯನೂ ಇಲ್ಲ.

ಹೂವಿಲ್ಲದೆ ಕಾಯಿ ಹೇಗಾದೀತು? ನಮ್ಮ ಶಾಲೆಯ ಆರನೆಯ ಇಯತ್ತೆಯ ಹುಡುಗನೊಬ್ಬ ಈ ಪ್ರಶ್ನೆಯನ್ನು ಕೇಳಿದಾಗ "ಹೂವು ಕಾಯಿಯ ಒಳಗೇ ಇದೆ" ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಂದಿನ ಪಾಠಕ್ಕೆ ಹೋಗಿದ್ದೆವು. ಆ ಉತ್ತರ ಸಾಲದೆಂಬುದನ್ನು ನಮ್ಮ ಹೊಲದ ಮರವೇ ನಮಗೆ ಕಲಿಸಿತು.

ಬಾವಿಯ ದಂಡೆಯ ಗೊಡ್ಡು ಮರ

ನಮ್ಮ ಬಾವಿಯ ದಂಡೆಗೆ ತಂದೆಯವರ ಕಾಲದ ಒಂದು ಅತ್ತಿಯ ಮರವಿದೆ. ನಾವು ಚಿಕ್ಕವರಿದ್ದಾಗ ಅದರ ಬೊಡ್ಡೆಯಿಂದ ಟೊಂಗೆಯವರೆಗೆ ಗೊಂಚಲು ಗೊಂಚಲಾಗಿ ಕೆಂಪು ಹಣ್ಣು ಜೋತುಬೀಳುತ್ತಿದ್ದವು. ಹಣ್ಣನ್ನು ಒಡೆದು, ಉಫ್ ಎಂದು ಊದಿ, ಹುಳವನ್ನು ಹಾರಿಸಿ ಬಾಯಿಗೆ ಹಾಕಿಕೊಳ್ಳುವುದು ನಮ್ಮ ಬೇಸಿಗೆಯ ಆಟ. ಆಗ ನಮ್ಮ ಹಳ್ಳದ ಗುಂಟ ಇನ್ನೂ ಮೂರು ಅತ್ತಿಯ ಮರಗಳಿದ್ದವು. ಹಳ್ಳವನ್ನು ಅಗಲ ಮಾಡುವಾಗ ಒಂದು ಹೋಯಿತು. ರಸ್ತೆಗೆಂದು ಒಂದು ಹೋಯಿತು. ಇನ್ನೊಂದು ಬರದಲ್ಲಿ ತಾನೇ ಒಣಗಿತು. ಉಳಿದದ್ದು ನಮ್ಮದೊಂದೇ.

ಈಚೆಗೆ ಎರಡು ಸಲ ಈ ಮರ ಮೈತುಂಬ ಕಾಯಿ ಹಿಡಿಯಿತು. ಎರಡು ಸಲವೂ ಕಾಯಿ ಹಣ್ಣಾಗದೆ, ಹಸಿರಿದ್ದಂತೆಯೇ ಬಾಡಿ, ಬಾವಿಯ ಸುತ್ತ ಉದುರಿಬಿತ್ತು. ನೆರೆಯ ಹೊಲದ ಹಿರಿಯರೊಬ್ಬರು ಅದನ್ನು ನೋಡಿ, "ಮಾಸ್ತರ, ಈ ಗಿಡ ಗೊಡ್ಡ ಬಿತ್ರಿ. ಕಡದ ಹಾಕ್ರಿ. ಇಟ್ಟಂಗಿ ಭಟ್ಟಿಯವ್ರು ರೊಕ್ಕಾ ಕೊಡ್ತಾರ, ನೆರಳ ಹೋಗಿ ನಾಕ ಸಾಲ ಜ್ವಾಳಾನೂ ಹೆಚ್ಚ ಬರ್ತಾವ" ಎಂದರು. "ಕಾಕಾ, ಒಂದ ತಿಂಗಳ ತಡೀರಿ, ನೋಡೂಣ" ಎಂದೆವಾದರೂ ಅವರ ಮಾತು ನಮ್ಮ ಮನಸ್ಸಿಗೂ ಬಂದಿತ್ತು. ಇನ್ನೊಬ್ಬರು ಔಷಧ ಹೊಡೆಯಲು ಹೇಳಿದರು. ಅತ್ತಿಗೆ ಹುಳದ ರೋಗವಿರುವುದು ಯಾರಿಗೆ ಗೊತ್ತಿಲ್ಲ, ಹುಳವನ್ನು ಕೊಂದರೆ ಕಾಯಿ ನಿಲ್ಲುತ್ತದೆ ಎಂಬುದು ಅವರ ತರ್ಕ.

ಕಡಿಯುವ ಮೊದಲು ಒಳಗೆ ನೋಡೋಣವೆಂದು ಒಂದು ಶನಿವಾರ ಶಾಲೆಯ ಭೂತಕನ್ನಡಿಯನ್ನು ತೆಗೆದುಕೊಂಡು ಮಕ್ಕಳೊಡನೆ ಬಾವಿಗೆ ಹೋದೆವು. ಉದುರಿದ ಕಾಯಿಗಳನ್ನು ಒಂದೊಂದಾಗಿ ಸೀಳಿದೆವು. ಮೂವತ್ತು ಕಾಯಿ ಸೀಳಿದರೂ ಒಂದರಲ್ಲಿಯೂ ಹುಳವಿಲ್ಲ! ಅದೇ ದಿನ ಬೋರಿ ನದಿಯ ದಂಡೆಯ ಬೇರೊಂದು ಊರಿನಿಂದ ಬರುವ ಹುಡುಗ ತಂದ ಕಾಯಿಗಳನ್ನು ಸೀಳಿದಾಗ ಒಳಗೆಲ್ಲ ಹುಳವೇ ಹುಳ. ಆ ಮರವಾದರೋ ವರ್ಷಕ್ಕೆ ಎರಡು ಮೂರು ಸಲ ಹಣ್ಣಾಗುತ್ತದೆ. ಹುಳವಿದ್ದ ಮರ ಫಲವಂತಿಕೆ, ಹುಳವಿಲ್ಲದ ಮರ ಗೊಡ್ಡು. ನಮ್ಮ ಮರಕ್ಕೆ ಹತ್ತಿದ ರೋಗ ಹುಳವಲ್ಲ, ಹುಳ ಇಲ್ಲದಿರುವುದೇ ರೋಗ.

ಮಡಿಚಿದ ಸೂರ್ಯಕಾಂತಿ

ಇದು ಹೇಗೆಂದು ತಿಳಿಯಲು ಸೂರ್ಯಕಾಂತಿಯನ್ನು ನೆನೆಯಿರಿ. ನಾವು ಒಂದು ಹೂವೆನ್ನುವ ಸೂರ್ಯಕಾಂತಿಯ ತಟ್ಟೆಯಲ್ಲಿ ನೂರಾರು ಪುಟ್ಟ ಹೂಗಳು ಒತ್ತಾಗಿ ಕುಳಿತಿರುತ್ತವೆ. ಒಂದೊಂದು ಹೂವಿಗೆ ಒಂದೊಂದು ಕಾಳು. ಈಗ ಆ ತಟ್ಟೆಯ ಅಂಚನ್ನು ಸುತ್ತಲಿಂದ ಮೇಲಕ್ಕೆತ್ತಿ, ಹೂಗಳೆಲ್ಲ ಒಳಗಾಗುವಂತೆ ಮಡಿಚಿ, ಚೀಲದ ಬಾಯಿಯಂತೆ ಕಟ್ಟಿಬಿಟ್ಟರೆ ಏನಾಗುವುದೋ ಅದೇ ಅತ್ತಿಯ ಕಾಯಿ. ನಾವು ಕಾಯಿಯೆನ್ನುವುದು ನಿಜವಾಗಿ ಸಾವಿರಾರು ಹೂಗಳ ಒಂದು ಚೀಲ. ಯಾರಿಗೂ ಕಾಣದ ಅತ್ತಿಯ ಹೂವನ್ನು ನಾವೆಲ್ಲ ಚಿಕ್ಕಂದಿನಿಂದ ಕೈಯಲ್ಲಿ ಹಿಡಿದೇ ಇದ್ದೇವೆ!

ತೊಟ್ಟಿನ ಎದುರುದಿಕ್ಕಿಗೆ ಕಾಯಿಯ ನೆತ್ತಿಯ ಮೇಲೆ ಒಂದು ಸಣ್ಣ ಕಣ್ಣಿರುತ್ತದೆ. ಅದೇ ಚೀಲದ ಬಾಯಿ. ಒಂದರ ಮೇಲೊಂದು ಹೊದಿಸಿದ ಗಟ್ಟಿ ಪದರಗಳಿಂದ ಅದು ಮುಚ್ಚಿರುತ್ತದೆ. ಒಳಗೆ ಬಾಯಿಯ ಹತ್ತಿರ ಗಂಡು ಹೂಗಳು, ಉಳಿದ ಗೋಡೆಯ ತುಂಬ ಹೆಣ್ಣು ಹೂಗಳು. ಹೆಣ್ಣು ಹೂಗಳು ಮೊದಲು ಸಿದ್ಧವಾಗುತ್ತವೆ. ಗಂಡು ಹೂಗಳು ಪರಾಗ ಕೊಡುವುದು ಎಷ್ಟೋ ವಾರಗಳ ಮೇಲೆ. ಆದ್ದರಿಂದ ಒಂದು ಕಾಯಿ ತನ್ನ ಪರಾಗದಿಂದ ತಾನೇ ಫಲಿಸಲಾರದು. ಗಾಳಿ ಒಳಗೆ ಹೋಗದು. ಜೇನುಹುಳ ಆ ಕಣ್ಣಿನಲ್ಲಿ ತೂರದು. ಇನ್ನೊಂದು ಮರದ ಪರಾಗವನ್ನು ಒಳಗೆ ತಂದುಕೊಡುವವರು ಯಾರು?

ತರುವುದು ನಾವು ಉಫ್ ಎಂದು ಊದುತ್ತಿದ್ದ ಆ ಹುಳವೇ. ನಮ್ಮ ಕಡೆ ಇದನ್ನು ನುಸಿ ಎನ್ನುವುದುಂಟು. ಎಳ್ಳುಕಾಳಿನಷ್ಟೂ ದೊಡ್ಡದಲ್ಲದ ಇದು ನಿಜವಾಗಿ ನುಸಿಯ ಜಾತಿಯದಲ್ಲ, ಕಡಜದ ಜಾತಿಯದು. ಆದರೂ ರೂಢಿಯ ಮಾತನ್ನು ಬಿಡದೆ ನಾವು ನುಸಿಯೆಂದೇ ಕರೆಯೋಣ. ಲೋಕದಲ್ಲಿ ಆಲ, ಅರಳಿ, ಬಸರಿ, ಗೋಣಿ, ಅಂಜೂರವೆಂದು ಅತ್ತಿಯ ಕುಲದ ಸುಮಾರು 750 ಜಾತಿಗಳಿವೆ. ಇವುಗಳಲ್ಲಿ ಬಹುಮಟ್ಟಿಗೆ ಒಂದೊಂದು ಜಾತಿಗೂ ತನ್ನದೇ ಆದ ನುಸಿಯುಂಟು. ಆಲದ ನುಸಿ ಅತ್ತಿಗೆ ಬರುವುದಿಲ್ಲ. ಅತ್ತಿಯ ನುಸಿ ಅರಳಿಗೆ ಹೋಗುವುದಿಲ್ಲ.

ಒಂದೆರಡು ದಿನದ ಬಾಳು

ಹೆಣ್ಣು ಹೂಗಳು ಸಿದ್ಧವಾದಾಗ ಕಾಯಿ ನಮ್ಮ ಮೂಗಿಗೆ ತಿಳಿಯದ ಒಂದು ವಾಸನೆಯನ್ನು ಗಾಳಿಗೆ ಬಿಡುತ್ತದೆ. ಅದೇ ನುಸಿಗೆ ಕರೆಯೋಲೆ. ಪರಾಗ ಹೊತ್ತ ಹೆಣ್ಣು ನುಸಿ ಹಾರಿಬಂದು ಕಾಯಿಯ ಕಣ್ಣಿನಲ್ಲಿ ತಲೆಯಿಡುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ನುಗ್ಗುವಾಗ ಅದರ ರೆಕ್ಕೆಗಳು ಕಿತ್ತುಹೋಗುತ್ತವೆ, ಮೀಸೆಗಳು ಮುರಿಯುತ್ತವೆ. ಒಳಗೆ ಹೋದದ್ದು ಮತ್ತೆ ಹಾರಲಾರದು.

ಒಳಗೆ ಅದು ಎರಡು ಕೆಲಸ ಮಾಡುತ್ತದೆ. ಎದೆಯ ಇಕ್ಕೆಲದಲ್ಲಿರುವ ಚಿಕ್ಕ ಜೇಬುಗಳಿಂದ ಪರಾಗವನ್ನು ಮುಂಗಾಲಿನಿಂದ ತೆಗೆದು ಹೆಣ್ಣು ಹೂಗಳಿಗೆ ಹಚ್ಚುತ್ತದೆ. ಇದು ಅಕಸ್ಮಾತ್ತಾಗಿ ಆಗುವುದಲ್ಲ, ಬೇಕೆಂದೇ ಮಾಡುವ ಕೆಲಸ. ಜೊತೆಗೇ ಹೂಗಳಲ್ಲಿ ಮೊಟ್ಟೆಯಿಡುತ್ತದೆ. ಹೆಣ್ಣು ಹೂಗಳ ದಂಟು ಒಂದೇ ಅಳತೆಯದಲ್ಲ, ಕೆಲವು ಗಿಡ್ಡ, ಕೆಲವು ಉದ್ದ. ಗಿಡ್ಡ ದಂಟಿನ ಹೂವಿನ ಬುಡಕ್ಕೆ ನುಸಿಯ ಮೊಟ್ಟೆಯಿಡುವ ಕೊಳವೆ ಮುಟ್ಟುತ್ತದೆ, ಉದ್ದ ದಂಟಿನದಕ್ಕೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮುಟ್ಟಿದಲ್ಲಿ ನುಸಿಯ ಮರಿ ಬೆಳೆಯುತ್ತದೆ, ಮುಟ್ಟದಲ್ಲಿ ಅತ್ತಿಯ ಬೀಜ ಕಟ್ಟುತ್ತದೆ. ಮರ ತನ್ನ ಹೂಗಳಲ್ಲಿ ಒಂದು ಪಾಲನ್ನು ನುಸಿಗೆ ತೊಟ್ಟಿಲಾಗಿ ಕೊಟ್ಟು, ಉಳಿದ ಪಾಲಿಗೆ ಬೀಜವನ್ನು ಪಡೆಯುತ್ತದೆ. ನಮ್ಮಲ್ಲಿ ಪಾಲಿಗೆ ಹೊಲ ಮಾಡುವವರಿಗೆ ಈ ಲೆಕ್ಕ ತಿಳಿಯದ್ದೇನಲ್ಲ. ಕೆಲಸ ಮುಗಿಸಿದ ತಾಯಿನುಸಿ ಅಲ್ಲಿಯೇ ಸಾಯುತ್ತದೆ.

ಋತುವನ್ನು ಅನುಸರಿಸಿ ಒಂದೆರಡು ತಿಂಗಳಲ್ಲಿ ಮರಿಗಳು ಬೆಳೆದು ನಿಲ್ಲುತ್ತವೆ. ಮೊದಲು ಹೊರಬೀಳುವವು ಗಂಡುಗಳು. ಅವಕ್ಕೆ ರೆಕ್ಕೆಯಿಲ್ಲ, ಹೊರಗಿನ ಲೋಕವನ್ನು ಅವು ಬಾಳುವುದಿಲ್ಲ. ಇನ್ನೂ ಗೂಡಿನಲ್ಲಿಯೇ ಇರುವ ಹೆಣ್ಣುಗಳನ್ನು ಕೂಡಿ, ಆಮೇಲೆ ಒಟ್ಟಾಗಿ ಕಾಯಿಯ ಗೋಡೆಯನ್ನು ಕೊರೆದು ದಾರಿ ಮಾಡಿ, ಸಾಯುತ್ತವೆ. ಅಷ್ಟರಲ್ಲಿ ಗಂಡು ಹೂಗಳು ಪಕ್ವವಾಗಿರುತ್ತವೆ. ಹೆಣ್ಣು ನುಸಿಗಳು ಪರಾಗವನ್ನು ಎದೆಯ ಜೇಬಿಗೆ ತುಂಬಿಕೊಂಡು ಆ ದಾರಿಯಿಂದ ಹಾರಿಹೋಗುತ್ತವೆ. ಇದಾದ ಮೇಲೆಯೇ ಕಾಯಿ ಮೆತ್ತಗಾಗಿ, ಕೆಂಪಾಗಿ, ಸಿಹಿಯಾಗುವುದು. ಆಗ ಕೋಗಿಲೆ, ಕುಟ್ರುಹಕ್ಕಿ, ಗೊರವಂಕ, ಅಳಿಲು, ಮಂಗ, ರಾತ್ರಿಯಲ್ಲಿ ಬಾವಲಿ ಬಂದು ತಿಂದು ಬೀಜವನ್ನು ದೂರ ದೂರ ಹರಡುತ್ತವೆ. ನಾವು ಊದಿ ತೆಗೆಯುತ್ತಿದ್ದ ಹುಳಗಳಲ್ಲಿ ದಾರಿ ಕೊರೆದು ಸತ್ತ ಆ ಗಂಡುಗಳೂ, ಹೊರಡಲು ತಡಮಾಡಿದ ಹೆಣ್ಣುಗಳೂ ಇದ್ದವು.

ಎಲ್ಲ ಹುಳವೂ ಮಿತ್ರವೆಂದು ನಾವು ಹೇಳಲಾರೆವು. ಒಳಗೆ ಬಾರದೆ, ಸೂಜಿಯಂಥ ಉದ್ದ ಕೊಳವೆಯನ್ನು ಹೊರಗಿನಿಂದಲೇ ಕಾಯಿಯೊಳಗೆ ಇಳಿಸಿ ಮೊಟ್ಟೆಯಿಡುವ ಬೇರೆ ನುಸಿಗಳೂ ಇವೆ. ಅವುಗಳಿಂದ ಮರಕ್ಕೆ ಪರಾಗವೂ ಇಲ್ಲ, ಉಪಕಾರವೂ ಇಲ್ಲ. ಅಂಥದೊಂದು ನುಸಿಯ ಕೊಳವೆಯ ತುದಿಯಲ್ಲಿ ಸತುವಿನ ಅಂಶವಿರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2014ರಲ್ಲಿ ತೋರಿಸಿಕೊಟ್ಟರು. ಗಟ್ಟಿ ಕಾಯಿಯನ್ನು ಕೊರೆಯಲು ಕಮ್ಮಾರನು ಉಳಿಗೆ ಹದ ಕೊಟ್ಟಂತೆ ಸೃಷ್ಟಿ ಆ ಕೊಳವೆಗೆ ಹದ ಕೊಟ್ಟಿದೆ. ಮರದ ಮೇಲೆ ಓಡಾಡುವ ಇರುವೆಗಳು ಹೊರಗೆ ಕುಳಿತು ಕೊರೆಯುವ ಈ ನುಸಿಗಳನ್ನು ಹಿಡಿಯುವುದುಂಟು. ಆದ್ದರಿಂದ ಅತ್ತಿಯ ಇರುವೆಯನ್ನೂ ವೈರಿಯೆಂದು ತಿಳಿಯಬೇಕಾದ್ದಿಲ್ಲ.

ಒಂಟಿ ಮರದ ಸಂಕಟ

ಈಗ ಮುಖ್ಯ ಸಂಗತಿಗೆ ಬರೋಣ. ಹಾರಿಹೋದ ಹೆಣ್ಣು ನುಸಿಗೆ ಆಯುಷ್ಯ ಒಂದೆರಡು ದಿನ ಮಾತ್ರ. ಅಷ್ಟರೊಳಗೆ ಹೆಣ್ಣು ಹೂ ಸಿದ್ಧವಾದ ಕಾಯಿ ಸಿಕ್ಕಬೇಕು. ತಾನು ಹುಟ್ಟಿದ ಮರದಲ್ಲಿ ಅದು ಸಿಕ್ಕುವುದು ಕಷ್ಟ. ಏಕೆಂದರೆ ಒಂದು ಮರದ ಕಾಯಿಗಳೆಲ್ಲ ಸಾಮಾನ್ಯವಾಗಿ ಒಂದೇ ಹದದಲ್ಲಿ ಬೆಳೆಯುತ್ತವೆ. ನುಸಿ ಹೊರಡುವ ದಿನ ಆ ಮರದಲ್ಲಿ ಹಣ್ಣಾಗುವ ಕಾಯಿಗಳೇ ಹೊರತು ಹೊಸ ಕಾಯಿಗಳಿಲ್ಲ. ಆದರೆ ಒಂದು ಮರಕ್ಕೂ ಇನ್ನೊಂದು ಮರಕ್ಕೂ ಕಾಲ ಹೊಂದುವುದಿಲ್ಲ. ಇಲ್ಲಿ ಹಣ್ಣಾಗುವಾಗ ಅಲ್ಲಿ ಎಳೆಗಾಯಿ, ಅಲ್ಲಿ ಹಣ್ಣಾಗುವಾಗ ಮತ್ತೊಂದೆಡೆ ಎಳೆಗಾಯಿ. ಹೀಗೆ ಮರದಿಂದ ಮರಕ್ಕೆ ಹಾಯುತ್ತ ನುಸಿಯ ವಂಶ ವರ್ಷವಿಡೀ ನಡೆಯಬೇಕು. ಇದು ಊರೂರು ದಾಟಿ ಕೈಯಿಂದ ಕೈಗೆ ಹೋಗುವ ದೀಪದಂತೆ. ನಡುವೆ ಒಂದೆರಡು ಕೈ ತಪ್ಪಿದರೆ ದೀಪ ಆರಬಹುದು.

ನುಸಿ ಬಾರದ ಕಾಯಿ ಕೆಲವು ದಿನ ಕಾಯುತ್ತದೆ, ಆಮೇಲೆ ಉದುರುತ್ತದೆ. ನಮ್ಮ ಬಾವಿಯ ದಂಡೆಗೆ ಆದದ್ದು ಇದೇ. ನೀರಿನ ಕೊರತೆಯಿಂದಲೂ ಕಾಯಿ ಉದುರುವುದುಂಟು. ಆದರೆ ಬಾವಿಯ ತಂಪಿನಲ್ಲಿರುವ ಮರದ ಕಾಯಿಗಳು ಒಳಗೆ ಒಂದೂ ನುಸಿಯಿಲ್ಲದೆ ಉದುರಿದರೆ ಏನೆಂದು ತಿಳಿಯಬೇಕು? ಹಳ್ಳದ ಗುಂಟ ಇದ್ದ ಮೂರು ಮರಗಳನ್ನು ನಾವು ಕಳೆದುಕೊಂಡದ್ದರ ಫಲ ನಾಲ್ಕನೆಯದರ ಮೈಮೇಲೆ ಕಾಣಿಸಿತು.

ನುಸಿಯನ್ನು ಲೆಕ್ಕಕ್ಕೆ ಹಿಡಿಯದೆ ಕೆಟ್ಟವರ ಕಥೆ ಹೊರದೇಶದಲ್ಲಿಯೂ ಇದೆ. ತುರ್ಕಸ್ಥಾನದ ಸ್ಮಿರ್ನಾ ಎಂಬ ಊರಿನ ಅಂಜೂರ ಬಹು ಹೆಸರಾದದ್ದು. 1880ರ ದಶಕದಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾದ ತೋಟಗಾರರು ಅದರ ಕಡ್ಡಿಗಳನ್ನು ತರಿಸಿ ನೆಟ್ಟರು. ಗಿಡ ಸೊಂಪಾಗಿ ಬಂದವು. ಕಾಯಿ ಮಾತ್ರ ಹಣ್ಣಾಗದೆ ಉದುರಿದವು. ತುರ್ಕರು ಕೆಟ್ಟ ಕಡ್ಡಿ ಕೊಟ್ಟು ಮೋಸಮಾಡಿದರೆಂದು ದೂರಿದವರೂ ಇದ್ದರು. ಸ್ಮಿರ್ನಾದ ರೈತರು ಕಾಡು ಅಂಜೂರದ ಕಾಯಿಗಳನ್ನು ದಾರಕ್ಕೆ ಪೋಣಿಸಿ ತೋಟದ ಗಿಡಗಳಿಗೆ ತೂಗುಹಾಕುತ್ತಿದ್ದರು. ಓದಿದವರು ಅದನ್ನು ಮೂಢನಂಬಿಕೆಯೆಂದು ನಕ್ಕಿದ್ದರು. ಆ ಕಾಡುಕಾಯಿಗಳಲ್ಲಿಯೇ ನುಸಿಯಿತ್ತು. ಕೊನೆಗೆ 1899ರಲ್ಲಿ ಆಲ್ಜೀರಿಯಾದಿಂದ ನುಸಿಯನ್ನು ತಂದು ನೆಲೆಗೊಳಿಸಿದ ಮೇಲೆಯೇ ಅಲ್ಲಿ ಆ ಅಂಜೂರ ಫಲಿಸಿತು. ಇದನ್ನೋದಿ ನಮ್ಮ ಅಂಜೂರ ಬೆಳೆಗಾರರು ಗಾಬರಿಪಡಬೇಕಾದ್ದಿಲ್ಲ. ಪುಣೆಯ ಪುರಂದರ ತಾಲೂಕಿನಲ್ಲಿ ಬೆಳೆಯುವ ಅಂಜೂರವು ನುಸಿಯ ಹಂಗಿಲ್ಲದೆ ತಾನಾಗಿಯೇ ಹಣ್ಣಾಗುವ ಬಗೆಯದು. ಅತ್ತಿಗೆ ಆ ಸೌಕರ್ಯವಿಲ್ಲ.

ನುಸಿ ಎಷ್ಟು ದೂರ ಹೋದೀತು?

ಎಳ್ಳಿಗಿಂತ ಸಣ್ಣ ಹುಳ ಎಷ್ಟು ದೂರ ಹಾರೀತೆಂದು ಕೇಳಬಹುದು. ಸ್ವಂತ ರೆಕ್ಕೆಯ ಬಲದಿಂದ ಹೆಚ್ಚು ಹೋಗದು. ಆದರೆ ಮರಗಳ ನೆತ್ತಿಯ ಮೇಲಕ್ಕೆ ಏರಿ ಗಾಳಿಗೆ ಮೈಯೊಡ್ಡುತ್ತದೆ. ಆಫ್ರಿಕದ ನಮೀಬಿಯಾದ ಮರಳುಗಾಡಿನ ನಡುವೆ ಹರಿಯುವ ಉಗಾಬ್ ಹೊಳೆಯ ದಂಡೆಯಲ್ಲಿ ನಮ್ಮ ಅತ್ತಿಯ ದಾಯಾದಿಯಾದ ಸಿಕಮೋರ್ ಅತ್ತಿಯ ಮರಗಳಿವೆ. ಅವುಗಳ ಬೀಜದ ತಾಯಿಮರ, ತಂದೆಮರ ಯಾವುವೆಂದು ವಂಶಪರೀಕ್ಷೆಯಿಂದ ಕಂಡುಹಿಡಿದ ವಿಜ್ಞಾನಿಗಳು 2009ರಲ್ಲಿ ಲೆಕ್ಕ ಪ್ರಕಟಿಸಿದರು. ನುಸಿ ಪರಾಗವನ್ನು ಹೊತ್ತ ದೂರ ಸರಾಸರಿ 89 ಕಿಲೋಮೀಟರು, ಅತಿ ಹೆಚ್ಚೆಂದರೆ ಸುಮಾರು 165 ಕಿಲೋಮೀಟರು!

ಹಾಗಾದರೆ ಒಂಟಿ ಮರಕ್ಕೂ ಭಯವಿಲ್ಲವಷ್ಟೆ ಎನ್ನಬೇಡಿರಿ. ಗಾಳಿಗೆ ಬಿದ್ದ ನುಸಿಗಳಲ್ಲಿ ಬಹುಪಾಲು ದಾರಿಯಲ್ಲಿಯೇ ಸಾಯುತ್ತವೆ. ಸಾವಿರಾರು ಹೊರಟರೆ ನಾಲ್ಕು ಮುಟ್ಟಿಯಾವು. ಹೊರಡುವ ಮರಗಳೇ ಕಡಮೆಯಾದರೆ ಮುಟ್ಟುವವೆಷ್ಟು? 1998ರಲ್ಲಿ ಬೋರ್ನಿಯೋ ದ್ವೀಪದ ಲಂಬೀರ್ ಬೆಟ್ಟದ ಕಾಡಿಗೆ ಘೋರ ಬರ ಬಂದಿತು. ಅತ್ತಿಯ ಕುಲದ ಕೆಲವು ಮರಗಳು ಕಾಯಿ ಬಿಡುವುದನ್ನು ನಿಲ್ಲಿಸಿದವು. ಅಷ್ಟರಲ್ಲಿಯೇ ಅವುಗಳ ನುಸಿಗಳು ಆ ಪ್ರದೇಶದಿಂದ ನಿರ್ನಾಮವಾದವು. ಮರಗಳು ಮತ್ತೆ ಕಾಯಿ ಬಿಟ್ಟಾಗ ಒಳಗೆ ಹೋಗುವವರಿಲ್ಲದಂತಾಯಿತು. ದಟ್ಟ ಕಾಡಿನಲ್ಲಿಯೇ ಹೀಗಾದರೆ ಮೈಲಿಗೊಂದು ಮರ ಉಳಿದ ನಮ್ಮ ಬಯಲುಸೀಮೆಯ ಪಾಡನ್ನು ಯೋಚಿಸಿ ನೋಡಿರಿ.

ಮಾಡಬೇಕಾದ್ದು

ನಮ್ಮ ಭಾಗದಲ್ಲಿ ಔದುಂಬರವು ದತ್ತಾತ್ರೇಯನ ನೆಲೆಯೆಂದು ಜನ ನಂಬುತ್ತಾರೆ. ಅಕ್ಕಲಕೋಟೆ, ಗಾಣಗಾಪುರಗಳಲ್ಲಿ ಅದಕ್ಕೆ ಪ್ರದಕ್ಷಿಣೆ ಹಾಕುವವರುಂಟು. ಆ ಭಕ್ತಿಯಿಂದ ಗುಡಿಯ ಮುಂದಿನ ಮರ ಉಳಿದಿದೆ. ಆದರೆ ಹಳ್ಳದ ದಂಡೆಯ ಮರಕ್ಕೆ ಕಟ್ಟೆಯೂ ಇಲ್ಲ, ಕಾವಲೂ ಇಲ್ಲ. ಗುಡಿಯ ಮರ ಹಣ್ಣಾಗಬೇಕಾದರೆ ಹಳ್ಳದ ಮರವೂ ಇರಬೇಕು. ಹೊಲದ ಮಾಲಿಕರಿಗೆ ನಾವು ಹೇಳುವುದಿಷ್ಟು:

ಒಂದು, ಅತ್ತಿಯ ಕಾಯಿಯಲ್ಲಿ ಹುಳ ಕಂಡರೆ ಔಷಧ ಹೊಡೆಯಬೇಡಿರಿ. ಪಕ್ಕದ ದ್ರಾಕ್ಷಿಗೋ ತೊಗರಿಗೋ ಹೊಡೆಯುವಾಗಲೂ ಗಾಳಿ ಮರದ ಕಡೆಗೆ ಬೀಸದ ಹೊತ್ತನ್ನು ನೋಡಿ ಹೊಡೆಯಿರಿ.

ಎರಡು, ಕಾಯಿ ಉದುರಿತೆಂದು ಮರವನ್ನು ಗೊಡ್ಡೆಂದು ಕಡಿಯಬೇಡಿರಿ. ಹತ್ತಾರು ಕಾಯಿ ಸೀಳಿ ನೋಡಿರಿ. ನುಸಿಯಿಲ್ಲದಿದ್ದರೆ ಮರದ ತಪ್ಪಿಲ್ಲ. ಅದಕ್ಕೆ ಬೇಕಾದ್ದು ಕೊಡಲಿಯಲ್ಲ, ಜೊತೆ.

ಮೂರು, ಹೊಸ ಸಸಿ ನೆಡಿರಿ. ಬಾವಿಯ ಗೋಡೆಯ ಸಂದಿಯಲ್ಲಿ, ಒಡ್ಡಿನ ಕಲ್ಲಿನ ನಡುವೆ ಹಕ್ಕಿಯ ಹಿಕ್ಕೆಯಿಂದ ಅತ್ತಿಯ ಸಸಿ ತಾನಾಗಿ ಹುಟ್ಟಿರುತ್ತದೆ. ಮಳೆಗಾಲದ ಮೊದಲಲ್ಲಿ ಬೇರು ನೋಯದಂತೆ ಕಿತ್ತು ನಟ್ಟರಾಯಿತು. ಇಲ್ಲವೆ ಚೆನ್ನಾಗಿ ಹಣ್ಣಾಗುವ ಮರದಿಂದ ಮಾಗಿದ ಹಣ್ಣು ತಂದು, ನೀರಿನಲ್ಲಿ ಕಿವುಚಿ, ಬೀಜ ಸೋಸಿ, ನೆರಳಿನ ಮಡಿಯಲ್ಲಿ ತೆಳುವಾಗಿ ಉದುರಿಸಿ ತೇವ ಆರದಂತೆ ನೋಡಿಕೊಳ್ಳಿರಿ. ಗೊಡ್ಡು ಬಿದ್ದ ಮರದ ಕಾಯಿಯಿಂದ ಪ್ರಯೋಜನವಿಲ್ಲ. ನುಸಿ ಬಾರದಲ್ಲಿ ಬೀಜವೂ ಇಲ್ಲ. ಜೋಳದ ನಡುಹೊಲದಲ್ಲಿ ನೆಡಬೇಕೆಂದು ನಾವು ಹೇಳುವುದಿಲ್ಲ. ಅದರ ನೆರಳು ದೊಡ್ಡದು, ಬೇರು ಬಲವಾದದ್ದು. ಬಾವಿಯ ಕಟ್ಟಡಕ್ಕೂ, ಮನೆಯ ಗೋಡೆಗೂ ಸಾಕಷ್ಟು ದೂರ ಬಿಟ್ಟು ಹಳ್ಳದ ದಂಡೆ, ಗಾಯರಾಣ, ಶಾಲೆಯ ಅಂಗಳಗಳಲ್ಲಿ ನೆಡಬಹುದು. ಸೊಪ್ಪು ಆಡು ದನಗಳಿಗೆ ಮೇವು, ನೆರಳು ಎತ್ತಿಗೆ, ಹಣ್ಣಿಗೆ ಬರುವ ಗೊರವಂಕ ನಮ್ಮ ಬೆಳೆಯ ಕೀಡೆಯನ್ನೂ ತಿನ್ನುತ್ತದೆ.

ನಾವು ನಮ್ಮ ಮರವನ್ನು ಕಡಿಯಲಿಲ್ಲ. ಕಳೆದ ಮಳೆಗಾಲದಲ್ಲಿ ಮಕ್ಕಳೊಡನೆ ಹಳ್ಳದ ಗುಂಟ ಏಳು ಸಸಿ ನೆಟ್ಟೆವು. ಎರಡನ್ನು ಆಡು ತಿಂದವು, ಐದು ನಿಂತಿವೆ. ಅವು ಕಾಯಿ ಹಿಡಿಯಲು ಇನ್ನೂ ವರ್ಷಗಳು ಬೇಕು. ಆದರೆ ಈ ಬೇಸಿಗೆಯಲ್ಲಿ ಬಾವಿಯ ದಂಡೆಯ ಮರ ಮತ್ತೆ ಕಾಯಿ ಹಿಡಿದಾಗ ಎಲ್ಲವೂ ಉದುರಲಿಲ್ಲ. ಪಡುವಣದ ಒಂದು ಟೊಂಗೆಯಲ್ಲಿ ಎರಡು ಗೊಂಚಲು ಕೆಂಪಾದವು. ಎಲ್ಲಿಯ ನುಸಿಯೋ, ಯಾವ ಊರಿನ ಮರದ ಪರಾಗವೋ, ಈಚಿನದೋ ಗಡಿಯ ಆಚಿನದೋ, ಗಾಳಿ ತಂದು ಮುಟ್ಟಿಸಿತ್ತು.

ಕಾಕಾ ಅವರಿಗೊಂದು ಹಣ್ಣು ಕೊಟ್ಟೆವು. ಅವರು ಒಡೆದು, ಒಳಗೆ ನೋಡಿ, ಊದಲು ಬಾಯಿ ತೆರೆದವರು ನಿಂತರು. "ಮಾಸ್ತರ, ಹುಳ ಅದಾವ್ರಿ" ಎಂದರು. "ಅದಾವ, ಕಾಕಾ; ಅದಕ್ಕs ಹಣ್ಣಾಗೇದ" ಎಂದೆವು.